ಇಂದಿನ ಧಮ್ಮ ಚಿಂತನ: ಕಂಬಕ್ಕೆ ಕೈ ಮುಗಿಯುವಾಗ



ಜನವರಿ 1 ಹತ್ತಿರ ಬಂತು. ಬಸವಕಲ್ಯಾಣ, ಹುಮನಾಬಾದಿನಿಂದ ಭೀಮಾ ಕೋರೆಗಾಂವ್‌ಗೆ ಹೊರಡುವ ಕ್ರೂಸರ್ ಗಾಡಿಗಳಿಗೆ ಹೆಸರು ಬರೆಸುವುದು ಶುರುವಾಗಿದೆ. ಬುತ್ತಿ ಯಾರು ಕಟ್ಟಬೇಕು, ನೀಲಿ ಧ್ವಜ ಯಾರು ತರಬೇಕು ಎಂದು ಗ್ರೂಪಿನಲ್ಲಿ ದಿನವೂ ಮೆಸೇಜ್ ಬರುತ್ತಿವೆ. ಕಳೆದ ಭಾನುವಾರ ವಂದನೆ ಮುಗಿದ ಮೇಲೆ ವಿಹಾರದ ಕಟ್ಟೆಯ ಮೇಲೆ ಇದೇ ಮಾತು ನಡೆದಿತ್ತು. ಎಂಟನೇ ಕ್ಲಾಸ್ ಓದುವ ಹುಡುಗನೊಬ್ಬ ಸುಮ್ಮನೆ ಕೇಳುತ್ತ ಕುಳಿತಿದ್ದವನು ನನ್ನ ಕಡೆ ತಿರುಗಿ ಅಂದ:

“ಕಾಕಾ, ಈಗರೆ ‘ಜೀವ ತೆಗಿಯಂಗಿಲ್ಲ’ ಅಂತ ಶೀಲ ತಗೊಂಡೆವು. ಮತ್ತ ಲಡಾಯಿ ಕಂಬಕ್ಕ ಕೈ ಮುಗಿಲಾಕ ಹೊಂಟೀವಿ. ಎರಡೂ ಹ್ಯಾಂಗ ಖರೆ ಇರ್ತಾವ?”

ಕೂತವರಲ್ಲಿ ಕೆಲವರು ನಕ್ಕರು. ಒಬ್ಬರು, “ದೊಡ್ಡಾವ ಆದ್ಮ್ಯಾಲ ತಿಳಿತದ ಬಿಡಪ್ಪ” ಅಂದರು. ನಾನು ದೊಡ್ಡವನಾಗಿ ಬಹಳ ವರ್ಷವಾಯಿತು, ನನಗೂ ತಿಳಿದಿರಲಿಲ್ಲ. ಹಾಗಾಗಿ ಆ ದಿನ ಉತ್ತರ ಕೊಡಲಿಲ್ಲ. ಈ ವಾರವೆಲ್ಲ ಯೋಚಿಸಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪು ಹೇಳಬೇಕು. ಕೆಲವು ವರ್ಷಗಳ ಹಿಂದೆ ಜನವರಿ 1ರಂದು ನಾನೊಂದು ವಾಟ್ಸಾಪ್ ಸ್ಟೇಟಸ್ ಹಾಕಿದೆ. ಕೈಯಲ್ಲಿ ಕತ್ತಿ ಹಿಡಿದವನ ಚಿತ್ರ, ಕೆಳಗೆ ನಾವು ಇಷ್ಟು ಜನ ನಿಮ್ಮ ಇಷ್ಟು ಸಾವಿರ ಜನರನ್ನು ಕಡಿದೆವು ಎಂಬ ಮಾತು. ನಾನು ಬರೆದದ್ದಲ್ಲ, ಎಲ್ಲಿಂದಲೋ ಬಂದದ್ದು. ಹುಮನಾಬಾದಿನಲ್ಲಿ ನನಗೊಬ್ಬ ಮರಾಠಾ ಗೆಳೆಯನಿದ್ದಾನೆ. ಇಪ್ಪತ್ತು ವರ್ಷ ದಿನವೂ ಕೂಡಿ ಚಹಾ ಕುಡಿದವರು ನಾವು. ಅವನು ಆ ಸ್ಟೇಟಸ್ ನೋಡಿದ. ಏನೂ ಅನ್ನಲಿಲ್ಲ. ಮರುದಿನದಿಂದ ಚಹಾದಂಗಡಿಗೆ ಬರುವುದು ನಿಂತಿತು. ನನಗೂ ಹಟ. ‘ಚರಿತ್ರೆ ಹೇಳಿದರೆ ಅವನಿಗ್ಯಾಕೆ ಉರಿ’ ಎಂದು ಸುಮ್ಮನಿದ್ದೆ. ಆ ವರ್ಷದ ಮಳೆಗಾಲದಲ್ಲಿ ಅವನ ಅವ್ವ ತೀರಿಹೋದಳು. ನನಗೆ ಸುದ್ದಿ ತಿಳಿದದ್ದು ಮೂರು ದಿನ ಕಳೆದ ಮೇಲೆ.

ಆ ಅವ್ವ ಯಾರೆಂದು ಹೇಳದಿದ್ದರೆ ಈ ಮಾತು ನಿಮಗೆ ಪೂರ್ತಿ ತಿಳಿಯುವುದಿಲ್ಲ. ನಾನು ಹುಡುಗನಾಗಿದ್ದಾಗ ಆ ಓಣಿಯಲ್ಲಿ ನಮ್ಮವರಿಗೆ ಅಂಗಳದಾಚೆ ನಿಲ್ಲಿಸಿ ಕೈಗೆ ರೊಟ್ಟಿ ಹಾಕುವವರೇ ಎಲ್ಲ. ನನ್ನನ್ನು ಅಡುಗೆಮನೆಯೊಳಗೆ ಕರೆದು, ತನ್ನ ಮಗನ ಪಕ್ಕದಲ್ಲಿ ಕೂಡಿಸಿ, ಅದೇ ತಾಟಿನಲ್ಲಿ ಬಡಿಸಿದವಳು ಅವಳೊಬ್ಬಳೇ. ಅವಳ ಮಣ್ಣಿಗೆ ನಾನಿರಲಿಲ್ಲ. ‘ನಿಮ್ಮನ್ನು ಕಡಿದೆವು’ ಎಂದು ನಾನು ಬರೆದ ಆ ‘ನಿಮ್ಮ’ ಎಂಬ ಶಬ್ದದೊಳಗೆ ಆಕೆಯೂ ಇದ್ದಳಲ್ಲ ಎಂದು ಹೊಳೆದದ್ದು ಆಗ.

ಅದಾದ ಮೇಲೆ ಕೋರೆಗಾಂವ್‌ನಲ್ಲಿ ನಿಜವಾಗಿ ಏನು ನಡೆಯಿತು ಎಂದು ಓದತೊಡಗಿದೆ. ಸಮ್ಮಾ ವಾಚಾ ಎಂದರೆ ನಯವಾದ ಮಾತು ಮಾತ್ರವಲ್ಲ, ಖರೆ ಮಾತು. ನಮ್ಮ ಹೆಮ್ಮೆಯೂ ಖರೆ ಮಾತಿನ ಮೇಲೆಯೇ ನಿಲ್ಲಬೇಕು.

1817ರ ಡಿಸೆಂಬರ್ 31ರ ರಾತ್ರಿ ಕ್ಯಾಪ್ಟನ್ ಫ್ರಾನ್ಸಿಸ್ ಸ್ಟಾಂಟನ್ ಎಂಬ ಇಂಗ್ಲಿಷ್ ಅಧಿಕಾರಿ ಶಿರೂರಿನಿಂದ ಪುಣೆ ಕಡೆಗೆ ಹೊರಟ. ಅವನ ಜೊತೆ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಪಲ್ಟನ್ನಿನ ಸುಮಾರು 500 ಕಾಲಾಳು, ಮುನ್ನೂರರೊಳಗಿನ ಕುದುರೆ ಸವಾರರು, ಆರು ಪೌಂಡಿನ, ಅಂದರೆ ಮೂರು ಕಿಲೋಕ್ಕೆ ಸ್ವಲ್ಪ ಕಡಿಮೆ ತೂಕದ ಗುಂಡು ಹಾರಿಸುವ ಎರಡು ತೋಪು, ಅವುಗಳನ್ನು ನಡೆಸಲು ಮದ್ರಾಸ್ ತೋಪಖಾನೆಯ 24 ಯುರೋಪಿಯನ್ನರು. ರಾತ್ರಿಯಿಡೀ ಸುಮಾರು 40 ಕಿಲೋಮೀಟರ್ ನಡೆದು ಬೆಳಿಗ್ಗೆ ಭೀಮಾ ನದಿಯ ಬಳಿ ಬಂದಾಗ ಆಚೆ ದಡದಲ್ಲಿ ಪೇಶ್ವೆ ಎರಡನೇ ಬಾಜಿರಾಯನ ಸೈನ್ಯ ಕಂಡಿತು. ಅದರ ಒಟ್ಟು ಲೆಕ್ಕ 28,000 ಎನ್ನುತ್ತಾರೆ. ಆದರೆ ಊರೊಳಗೆ ನುಗ್ಗಿ ಹೊಡೆದಾಡಿದವರು ಸುಮಾರು 2,000 ಜನ. ಅರಬರು, ಗೋಸಾವಿಗಳು, ಸಂಬಳದ ಕಾಲಾಳುಗಳು. ನಾವು ಪೋಸ್ಟರಿನಲ್ಲಿ ಹಾಕುವ ಸಂಖ್ಯೆಗಿಂತ ಇದು ಬಹಳ ಕಡಿಮೆ. ಸಂಖ್ಯೆ ಕಡಿಮೆಯಾದರೆ ಆ ಸಿಪಾಯಿಗಳ ಧೈರ್ಯವೇನೂ ಕಡಿಮೆಯಾಗುವುದಿಲ್ಲ.

ಕೋರೆಗಾಂವ್‌ನ ಮಣ್ಣಿನ ಗೋಡೆಗಳ ಮರೆಯಲ್ಲಿ ಜನವರಿ 1ರಂದು ದಿನವಿಡೀ ಕಾಳಗ ನಡೆಯಿತು. ರಾತ್ರಿ ನಡೆದು ಬಂದವರಿಗೆ ಅನ್ನವಿಲ್ಲ. ನದಿ ಕಣ್ಣೆದುರಿಗೇ ಇದ್ದರೂ ಕತ್ತಲಾಗುವವರೆಗೆ ಕುಡಿಯಲು ನೀರು ಸಿಗಲಿಲ್ಲ. ಒಂದು ತೋಪು ಶತ್ರುಗಳ ಕೈಗೆ ಹೋಯಿತು, ಮತ್ತೆ ಮರಳಿ ಕಸಿದುಕೊಂಡರು. ತೋಪಿನ ಅಧಿಕಾರಿ ಚಿಸಂ ಸತ್ತ. ರಾತ್ರಿ ಪೇಶ್ವೆಯ ಕಡೆಯವರು ಹಿಂದೆ ಸರಿದರು. ಸ್ಟಾಂಟನ್ ಪುಣೆಗೆ ಹೋಗಲಿಲ್ಲ, ಗಾಯಾಳುಗಳನ್ನು ಕಟ್ಟಿಕೊಂಡು ಶಿರೂರಿಗೇ ವಾಪಸಾದ. ಎಂಟುನೂರು ಚಿಲ್ಲರೆ ಜನರಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 275.

ಆಮೇಲೆ ಕಂಪನಿ ಅಲ್ಲೊಂದು ಕಂಬ ನಿಲ್ಲಿಸಿತು. 1821ರಲ್ಲಿ ಅಡಿಗಲ್ಲು. ಅದರ ಮೇಲೆ ಸತ್ತವರ 49 ಹೆಸರುಗಳಿವೆ. ಅವುಗಳಲ್ಲಿ 22 ಹೆಸರುಗಳ ಕೊನೆಗೆ ‘ನಾಕ್’ ಎಂದಿದೆ. ಅವರು ಮಹಾರರು, ನಮ್ಮವರು. ಉಳಿದವು? ಅವುಗಳಲ್ಲಿ ಮರಾಠರ ಹೆಸರುಗಳಿವೆ, ರಜಪೂತರ, ಮುಸಲ್ಮಾನರ ಹೆಸರುಗಳೂ ಇವೆ. ನಾನು ಎಷ್ಟೋ ಸಲ ಆ ಕಂಬದ ಮುಂದೆ ಫೋಟೋ ತೆಗೆಸಿಕೊಂಡಿದ್ದೆ. ಹೆಸರು ಓದಿರಲಿಲ್ಲ. ನನ್ನ ಗೆಳೆಯನ ಜಾತಿಯವರೂ ಅದೇ ಕಲ್ಲಿನ ಮೇಲೆ ನಮ್ಮವರ ಪಕ್ಕದಲ್ಲೇ ಇದ್ದಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಹಾಗಿದ್ದರೆ ನಾವು ಅಲ್ಲಿಗೆ ಹೋಗುವುದು ಯಾಕೆ? ಇದಕ್ಕೆ ಉತ್ತರವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿತ್ತು, ತಮ್ಮ ಹೆಜ್ಜೆ ಗುರುತು ಅಳಿಸಲು ಸೊಂಟಕ್ಕೆ ಕಸಬರಿಗೆ ಕಟ್ಟಿಕೊಳ್ಳಬೇಕಿತ್ತು ಎಂದು ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲಿ ಬರೆದಿದ್ದಾರೆ. ಹೆಜ್ಜೆ ಗುರುತೂ ಉಳಿಯಬಾರದು ಎಂದವರ ನಾಡಿನಲ್ಲಿ 22 ಜನರ ಹೆಸರು ಕಲ್ಲಿನಲ್ಲಿ ಉಳಿಯಿತು. 1927ರ ಜನವರಿ 1ರಂದು ಬಾಬಾಸಾಹೇಬರು ಆ ಕಂಬದ ಮುಂದೆ ನಿಂತದ್ದಕ್ಕೆ ಅರ್ಥ ಇದು. ನೀವು ಹೇಡಿಗಳಲ್ಲ, ಕೈಲಾಗದವರಲ್ಲ, ನಿಮಗೂ ಹೆಸರಿದೆ ಎಂದು ಜನರಿಗೆ ತೋರಿಸಬೇಕಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಅವರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರು. ಅಲ್ಲಿ ಅವರ ಕೈಯಲ್ಲಿ ಆಯುಧವಿರಲಿಲ್ಲ.

ಇನ್ನೊಂದು ವಿಷಯವನ್ನೂ ನೆನಪಿಡಬೇಕು. ಯುದ್ಧ ಗೆದ್ದವರಿಗೆ ಯುದ್ಧ ಏನು ಕೊಟ್ಟಿತು? ಸೋತ ಬಾಜಿರಾಯನಿಗೆ 1818ರಲ್ಲಿ ಕಂಪನಿ ವರ್ಷಕ್ಕೆ 8 ಲಕ್ಷ ರೂಪಾಯಿ ಪಿಂಚಣಿ ಕೊಟ್ಟು ಕಾನಪುರದ ಹತ್ತಿರದ ಬಿಠೂರಿನಲ್ಲಿ ಇರಿಸಿತು. ಅವನ ವಿರುದ್ಧ ಪ್ರಾಣ ಕೊಟ್ಟ ಮಹಾರರನ್ನು ಅದೇ ಇಂಗ್ಲಿಷರು 1890ರ ದಶಕದ ಆರಂಭದಲ್ಲಿ, ನೀವು ಯೋಧ ಜನಾಂಗವಲ್ಲ ಎಂದು, ಭರ್ತಿಯಿಂದಲೇ ಕೈಬಿಟ್ಟರು. ನಿವೃತ್ತ ಸಿಪಾಯಿ ಗೋಪಾಳಬಾಬಾ ವಲಂಗಕರ್ 1894ರಲ್ಲಿ ಅರ್ಜಿ ಬರೆದು ಕೇಳಬೇಕಾಯಿತು. ಮಹಾರ್ ರೆಜಿಮೆಂಟ್ ಎಂಬುದು ನೆಲೆಯಾಗಿ ನಿಂತದ್ದು 1941ರ ಅಕ್ಟೋಬರ್‌ನಲ್ಲಿ, ನಮ್ಮ ಬೆಳಗಾವಿಯಲ್ಲಿ. ಅದರ ಹಿಂದೆ ಬಾಬಾಸಾಹೇಬರ ಒತ್ತಾಯವಿತ್ತು.

ಪಲ್ಟನ್ನಿನಿಂದ ನಮಗೆ ನಿಜವಾಗಿ ಬಂದ ಲಾಭ ಬೇರೆ. ಸಿಪಾಯಿಗಳಿಗೂ ಅವರ ಮಕ್ಕಳಿಗೂ ಪಲ್ಟನ್ನಿನಲ್ಲಿ ಶಾಲೆ ಇತ್ತು. ಸುಭೇದಾರ್ ರಾಮಜಿ ಸಕ್ಪಾಲರು ಅಂಥ ಮಿಲಿಟರಿ ಶಾಲೆಯ ಮುಖ್ಯ ಮಾಸ್ತರರಾಗಿದ್ದರು. ಅವರ ಮನೆಯಲ್ಲಿ ಬೆಳೆದ ಭೀಮರಾವ್ ಕತ್ತಿ ಹಿಡಿಯಲಿಲ್ಲ, ಪುಸ್ತಕ ಹಿಡಿದರು. ಕೋರೆಗಾಂವ್‌ನ ತೋಪು ಸದ್ದಡಗಿ ಇನ್ನೂರು ವರ್ಷವಾಯಿತು. ಆ ಪಾಟಿ ಬಳಪದಿಂದ ಹುಟ್ಟಿದ್ದು ಇವತ್ತಿಗೂ ನಮ್ಮನ್ನು ಕಾಯುತ್ತಿದೆ.

ಈಗ ಹುಡುಗನ ಪ್ರಶ್ನೆಯ ಕಠಿಣ ಭಾಗಕ್ಕೆ ಬರೋಣ. ಅವರ ಧೈರ್ಯ ದೊಡ್ಡದು, ಸರಿ. ಆದರೆ ಕೊಂದದ್ದು?

ಸಂಯುತ್ತ ನಿಕಾಯದಲ್ಲಿ ಒಂದು ಪ್ರಸಂಗ ಬರುತ್ತದೆ. ಯೋಧಾಜೀವ ಎಂಬ ದಂಡಿನ ಮುಖಂಡ ಬುದ್ಧರ ಹತ್ತಿರ ಬಂದು ಕೇಳುತ್ತಾನೆ: ಯುದ್ಧದಲ್ಲಿ ಹೋರಾಡುತ್ತ ಸತ್ತವನು ಸ್ವರ್ಗ ಸೇರುತ್ತಾನೆ ಎಂದು ನಮ್ಮ ಹಿಂದಿನ ಗುರುಗಳು ಹೇಳಿದ್ದಾರೆ, ನೀವೇನು ಹೇಳುತ್ತೀರಿ? ಬುದ್ಧರು, ಅದನ್ನು ಬಿಡು, ನನ್ನನ್ನು ಕೇಳಬೇಡ ಎನ್ನುತ್ತಾರೆ. ಅವನು ಮತ್ತೆ ಕೇಳುತ್ತಾನೆ, ಮೂರನೇ ಸಲವೂ ಕೇಳುತ್ತಾನೆ. ಆಗ ಹೇಳಲೇಬೇಕಾಗುತ್ತದೆ. ಎದುರಿನವರು ಸಾಯಲಿ, ನಾಶವಾಗಲಿ ಎಂಬ ಬಯಕೆಯಲ್ಲಿ ಮನಸ್ಸು ಮುಳುಗಿದವನಿಗೆ ಒಳ್ಳೆಯ ಗತಿ ಇಲ್ಲ ಎಂದು. ಮುಖಂಡ ಅಳತೊಡಗುತ್ತಾನೆ. ತನ್ನ ಗತಿ ನೆನೆದು ಅವನು ಅಳಲಿಲ್ಲ. ಇಷ್ಟು ಕಾಲ ಆ ಗುರುಗಳು ನನ್ನನ್ನು ಮೋಸ ಮಾಡಿದರಲ್ಲ ಎಂದು ಅತ್ತ.

ಈ ಪ್ರಸಂಗ ಓದಿದಾಗ ನನಗೆ ನಮ್ಮೂರ ಕಡೆಯ ವೀರಗಲ್ಲುಗಳು ನೆನಪಾದವು. ಹೊಲದ ಬದುವಿನಲ್ಲಿ, ಹಾಳು ಗುಡಿಯ ಪಕ್ಕದಲ್ಲಿ ನೀವೂ ನೋಡಿರುತ್ತೀರಿ. ಕೆಳಗಿನ ಪಟ್ಟಿಯಲ್ಲಿ ವೀರ ಕಾದುತ್ತಿರುತ್ತಾನೆ. ಮೇಲಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಎಲ್ಲಕ್ಕಿಂತ ಮೇಲೆ ಸ್ವರ್ಗ. ಯೋಧಾಜೀವನ ಗುರುಗಳು ಹೇಳಿದ್ದೇ ಅಲ್ಲಿ ಕಲ್ಲಾಗಿದೆ. ರಾಜನಿಗೆ ಸಾಯುವ ಜನ ಬೇಕಿತ್ತು, ಸಾಯುವವನಿಗೆ ಸ್ವರ್ಗ ಬೇಕಿತ್ತು. ಆ ವೀರನನ್ನು ನಾನು ಹಳಿಯುವುದಿಲ್ಲ. ಎಷ್ಟೋ ವೀರಗಲ್ಲುಗಳು ಊರಿನ ದನ ಬಿಡಿಸಲು ಹೋಗಿ ಸತ್ತ ಬಡವರವು. ಬುದ್ಧರೂ ಆ ಮುಖಂಡನನ್ನು ಬೈಯಲಿಲ್ಲ, ಎರಡು ಸಲ ಮಾತು ತಪ್ಪಿಸಿ ಅವನ ನೋವು ಉಳಿಸಲು ನೋಡಿದರು. ಆದರೆ ಕೊಲ್ಲುವುದನ್ನು ಪುಣ್ಯ ಎಂದು ಮಾತ್ರ ಅವರು ಹೇಳಲಿಲ್ಲ.

ಯುದ್ಧ ಗೆದ್ದ ದೊಡ್ಡ ಸೇನಾಪತಿಗಳೂ ಒಳಗೊಳಗೆ ಇದನ್ನು ಬಲ್ಲವರೇ. ಯುರೋಪಿನಲ್ಲಿ 1815ರ ಜೂನ್ 18ರಂದು ವಾಟರ್ಲೂ ಎಂಬಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್, ಅದಕ್ಕೂ ಮೊದಲು ಆರ್ಥರ್ ವೆಲ್ಲೆಸ್ಲಿ ಎಂಬ ಹೆಸರಿನಲ್ಲಿ ನಮ್ಮ ನಾಡಿನಲ್ಲಿದ್ದವನು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. 1803ರಲ್ಲಿ ಜಾಲನಾ ಕಡೆಯ ಅಸ್ಸಾಯೆಯಲ್ಲಿ ಮರಾಠರ ಮೇಲೆ ಗೆದ್ದ. ಆ ಗೆಲುವಿಗೆ ಅವನ ಕಡೆಯವರೇ 1,500ಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಗಾಯಗೊಂಡರು. ವಾಟರ್ಲೂ ಗೆದ್ದ ಮೇಲೆ ಅವನು ಪತ್ರದಲ್ಲಿ ಬರೆದದ್ದು ಜಯಘೋಷವಲ್ಲ. ಸೋತ ಯುದ್ಧವೊಂದನ್ನು ಬಿಟ್ಟರೆ ಗೆದ್ದ ಯುದ್ಧದಷ್ಟು ದುಃಖದ್ದು ಬೇರೆ ಇಲ್ಲ ಎಂಬ ಅರ್ಥದ ಮಾತು. ಇದೇ ಮನುಷ್ಯ 1800ರಲ್ಲಿ ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯಾ ವಾಘನ ಬೆನ್ನಟ್ಟಿ ಕಾದಿದ, ಧೋಂಡಿಯಾ ಸತ್ತ. ಸಾಮಾನುಗಳ ನಡುವೆ ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕ. ಆ ಮಗುವನ್ನು ವೆಲ್ಲೆಸ್ಲಿ ತನ್ನ ಡೇರೆಗೆ ಕರೆತಂದು ಸಾಕಿದ, ಹಿಂದೂಸ್ತಾನ ಬಿಡುವಾಗ ಅವನಿಗಾಗಿ ಹಣ ಇಟ್ಟುಹೋದ. ಇದರಿಂದ ಅವನು ಮಾಡಿದ ಯುದ್ಧಗಳು ಒಳ್ಳೆಯವಾಗುವುದಿಲ್ಲ. ಆದರೆ ಕೊಂದ ಕೈಗೂ ಶತ್ರುವಿನ ಮಗು ಶತ್ರುವಲ್ಲ ಎಂದು ತಿಳಿಯುತ್ತದೆ. ಯಾರನ್ನೂ ಕೊಲ್ಲದ ನಾನು, ಒಂದು ಸ್ಟೇಟಸ್‌ನಲ್ಲಿ, ಅದನ್ನು ಮರೆತಿದ್ದೆ.

ಬಂಧುಗಳೇ, ಕೋರೆಗಾಂವ್‌ನ ಕಂಬದ ಬಳಿ ಹರಿಯುವ ಭೀಮೆ ಅಲ್ಲಿಗೇ ನಿಲ್ಲುವುದಿಲ್ಲ. ಪಂಢರಪುರ ದಾಟಿ ನಮ್ಮ ರಾಜ್ಯಕ್ಕೆ ಬಂದು, ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕದಲ್ಲಿ ಹರಿದು ಮುಂದೆ ಕೃಷ್ಣೆಗೆ ಸೇರುತ್ತದೆ. ಸನ್ನತಿಯಲ್ಲಿ ಇನ್ನೊಂದು ಕಲ್ಲಿದೆ. 1980ರ ದಶಕದಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ಗುಡಿ ಕುಸಿದ ಮೇಲೆ, ದೇವಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಮಹಾಸ್ತೂಪದಲ್ಲಿ ‘ರಾಯ ಅಸೋಕೊ’ ಎಂದು ಬರೆದ ಅವನ ಶಿಲ್ಪವೂ ಇದೆ.

ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದರು, ಅದರ ಎಷ್ಟೋ ಪಟ್ಟು ಜನ ನಾಶವಾದರು ಎಂದು ಅಶೋಕ ತನ್ನ 13ನೇ ಶಾಸನದಲ್ಲಿ ತಾನೇ ಲೆಕ್ಕ ಕೊಟ್ಟು ಪಶ್ಚಾತ್ತಾಪಪಟ್ಟ. ಗೆದ್ದ ರಾಜ ತನ್ನ ಗೆಲುವನ್ನು ದುಃಖ ಎಂದು ಕಲ್ಲಿನಲ್ಲಿ ಬರೆಸಿದ್ದು ಬಹಳ ಅಪರೂಪ. ಆದರೆ ಆ ಶಾಸನವನ್ನು ಅವನು ಕಳಿಂಗದ ಧೌಲಿ, ಜೌಗಡಗಳಲ್ಲಿ ಬರೆಸಲಿಲ್ಲ. ಅಲ್ಲಿ ಬೇರೆ ಎರಡು ಶಾಸನ ಬರೆಸಿದ. ಜನರೆಲ್ಲ ತನಗೆ ಮಕ್ಕಳಂತೆ, ಯಾರನ್ನೂ ಕಾರಣವಿಲ್ಲದೆ ಸೆರೆಯಲ್ಲಿಡಬಾರದು, ಹಿಂಸಿಸಬಾರದು ಎಂದು ಅಧಿಕಾರಿಗಳಿಗೆ ಹೇಳಿದ ಮಾತು ಅದರಲ್ಲಿದೆ. ನಮ್ಮ ಸನ್ನತಿಯ ಚಪ್ಪಡಿಯಲ್ಲಿರುವುದು ಅದೇ ಎರಡು ಶಾಸನ. ಜೊತೆಗೆ ಬೇರೆ ಪಂಥದವರನ್ನೂ ಗೌರವಿಸಬೇಕೆನ್ನುವ 12ನೆಯದೂ 14ನೆಯದೂ ಇವೆ. ನನಗೆ ತೋಚುವುದು ಇಷ್ಟು: ಗಾಯಗೊಂಡವರ ಮನೆಮುಂದೆ ಸತ್ತವರ ಲೆಕ್ಕ ಓದಬಾರದು ಎಂದು ಅಶೋಕನಿಗೆ ಅನಿಸಿರಬೇಕು.

ಬಾಬಾಸಾಹೇಬರು ಇದನ್ನು ಹೇಗೆ ಕಂಡರು? 1957ರಲ್ಲಿ ಹೊರಬಂದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಸಿದ್ಧಾರ್ಥ ಮನೆ ಬಿಡುವುದು ಮುದುಕ, ರೋಗಿ, ಹೆಣ ನೋಡಿದ್ದರಿಂದಲ್ಲ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಮಾಡಲು ಶಾಕ್ಯ ಸಂಘ ನಿರ್ಧರಿಸಿದಾಗ, ನಾನು ಆಯುಧ ಹಿಡಿಯುವುದಿಲ್ಲ ಎಂದು ಅವರು ದೇಶವನ್ನೇ ಬಿಡುತ್ತಾರೆ. ಕೋರೆಗಾಂವ್‌ನ ಕಂಬಕ್ಕೆ ನಮಿಸಿದವರೇ ಇದನ್ನು ಬರೆದದ್ದು. ಅದೇ ಪುಸ್ತಕದಲ್ಲಿ ಅಹಿಂಸೆ ಒಂದು ತತ್ವ, ಕಣ್ಣುಮುಚ್ಚಿ ಪಾಲಿಸುವ ನಿಯಮವಲ್ಲ ಎಂದೂ ಅವರು ವಿವರಿಸುತ್ತಾರೆ. ಕೊಲ್ಲುವ ಬಯಕೆ ಬೇರೆ, ಬೇರೆ ದಾರಿಯೇ ಇಲ್ಲದೆ ಬಂದೊದಗುವ ಅಗತ್ಯ ಬೇರೆ. ಶಾಂತಿಯ ದಾರಿಗಳೆಲ್ಲ ಮುಗಿದ ಮೇಲೆ ಮಾತ್ರ ಆ ಎರಡನೆಯದರ ಮಾತು.

ಆ 22 ಜನರ ಮನಸ್ಸಿನಲ್ಲಿ ಆ ದಿನ ಯಾವುದಿತ್ತು? ಸಂಬಳ, ಹಸಿವು, ಊರಿನ ಅವಮಾನ, ಪಕ್ಕದ ಜೊತೆಗಾರನನ್ನು ಬಿಟ್ಟು ಓಡಬಾರದೆಂಬ ನಿಯತ್ತು, ಎಲ್ಲ ಇದ್ದಿರಬಹುದು. ಅವರ ಲೆಕ್ಕ ಅವರದು. ಆದರೆ ಇವತ್ತು ಕಂಬದ ಮುಂದೆ ನಿಲ್ಲುವ ನನ್ನ ಮನಸ್ಸಿನಲ್ಲಿ ಯಾವುದಿದೆ ಎಂಬುದು ನನಗೆ ಗೊತ್ತಾಗುತ್ತದೆ. ಕೊಲ್ಲುವ ಅಗತ್ಯ ನನಗಿಲ್ಲ. ಹಾಗಾದರೆ ನನ್ನಲ್ಲಿ ಕೊಲ್ಲುವ ಬಯಕೆಯೂ ಇರಬಾರದು. ಮಾತಿನಲ್ಲಿ, ಘೋಷಣೆಯಲ್ಲಿ, ಸ್ಟೇಟಸ್‌ನಲ್ಲಿ ಕೂಡ. 2018ರ ಜನವರಿ 1ರಂದು, ಕಾಳಗದ 200ನೇ ವರ್ಷದ ದಿನ, ಅಲ್ಲಿ ಹಿಂಸೆ ನಡೆದು ಒಬ್ಬ ಯುವಕನ ಪ್ರಾಣ ಹೋಯಿತು. ಹಳೆಯ ಯುದ್ಧ ಹೊಸ ಹೆಣ ಬೇಡಬಾರದು.

ಹುಡುಗನಿಗೆ ನಾನು ಈಗ ಹೇಳುವುದು ಇಷ್ಟು. ಅಪ್ಪಾ, ನಾವು ಕೈ ಮುಗಿಯುವುದು ಆ ಹೆಸರುಗಳಿಗೆ. ಮನುಷ್ಯರೆಂದು ಎಣಿಸದ ಕಾಲದಲ್ಲಿ ಎದೆಯೊಡ್ಡಿ ನಿಂತವರಿಗೆ. ಅವರು ಹಾರಿಸಿದ ಗುಂಡಿಗಲ್ಲ. ಆ ಗುಂಡಿಗೆ ಬಿದ್ದ ಅರಬ, ಗೋಸಾವಿ, ಮರಾಠ ಬಡವರಿಗೆ ಅಲ್ಲಿ ಕಂಬವಿಲ್ಲ, ಹೆಸರೂ ಇಲ್ಲ. ಅವರ ತಾಯಂದಿರೂ ದಾರಿ ಕಾದರು. ಅವರನ್ನೂ ನೆನೆದರೆ ನಿನ್ನ ಶೀಲವೂ ಉಳಿಯುತ್ತದೆ, ನಿನ್ನ ಹೆಮ್ಮೆಯೂ ಉಳಿಯುತ್ತದೆ. ಅವರನ್ನು ನೆನೆಯಲು ಮನಸ್ಸು ಒಪ್ಪದಿದ್ದರೆ ಆ ವರ್ಷ ಹೋಗಬೇಡ, ಮನೆಯಲ್ಲಿ ಕೂತು ಮೆತ್ತಾ ಭಾವನೆ ಮಾಡು.

ಗೆಳೆಯನ ವಿಷಯ ಹೇಳಿ ಮುಗಿಸುತ್ತೇನೆ. ಸುದ್ದಿ ತಿಳಿದ ದಿನ ಅವನ ಮನೆಗೆ ಹೋದೆ. ಬಾಗಿಲಲ್ಲಿ ನಿಂತೆ, ಒಳಗೆ ಹೋಗಲು ಕಾಲು ಬರಲಿಲ್ಲ. ಅವನು ನೋಡಿದ. ಬಹಳ ಹೊತ್ತಾದ ಮೇಲೆ, “ಒಳಗ ಬಾ. ಅವ್ವ ಇದ್ದಿದ್ರ ನಿನಗ ಹೊರಗ ನಿಲ್ಲಿಸ್ತಿದ್ದಿಲ್ಲ” ಅಂದ. ಅಷ್ಟೇ. ಈ ವರ್ಷ ಅವನಿಗೆ ಆ 49 ಹೆಸರುಗಳ ಪಟ್ಟಿ ತೋರಿಸಿದೆ. ಬೆರಳಿಟ್ಟು ಒಂದೊಂದೇ ಓದಿದ. ಕ್ರೂಸರ್‌ನಲ್ಲಿ ಒಂದು ಸೀಟು ಅವನಿಗೂ ಹಿಡಿದಿದ್ದೇನೆ. ಬರುತ್ತಾನೋ ಇಲ್ಲವೋ ಇನ್ನೂ ಹೇಳಿಲ್ಲ.

ಇಂದಿನ ಅಭ್ಯಾಸ: ಐದು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಮೊದಲು ನಿಮ್ಮ ಕಡೆಯವರೆಂದು ನೀವು ಎಣಿಸುವ, ಅನ್ಯಾಯಕ್ಕೆ ಎದುರು ನಿಂತು ಸತ್ತ ಒಬ್ಬರನ್ನು ನೆನೆಯಿರಿ. ಆಮೇಲೆ ಎದುರಿನ ಕಡೆ ಸತ್ತ, ಹೆಸರು ಗೊತ್ತಿಲ್ಲದ ಒಬ್ಬನನ್ನು ನೆನೆಯಿರಿ. ಕೊನೆಗೆ, ನಿಮ್ಮ ಮಾತಿನಿಂದ ನೊಂದು ದೂರ ಹೋದ, ಇನ್ನೂ ಬದುಕಿರುವ ಒಬ್ಬರನ್ನು ನೆನೆಯಿರಿ. ಮೂವರಿಗೂ ಒಳ್ಳೆಯದನ್ನು ಬಯಸಿರಿ. ಮೂರನೆಯವರಿಗೆ ಇವತ್ತೇ ಫೋನ್ ಮಾಡಿರಿ.

ಸರ್ವರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.